ಮೊದಲ ಹತ್ತು ಕನ್ನಡದಲ್ಲೇ ಬಂದವು: ಚಿತ್ರಕಥೆಯ ಹುಚ್ಚು ಮತ್ತು ಗೋದಾವರಿ ತೀರದ ಕನ್ನಡ ಮಕ್ಕಳು

ನಾಸಿಕ್: ಮರಾಠಿ ಮಣ್ಣಿನಲ್ಲಿ ನೆಲೆನಿಂತ ಕನ್ನಡಿಗರ ಮನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ದೂರು ಸಾಮಾನ್ಯವಾಗಿದೆ. ಮಕ್ಕಳಿಗೆ ಐರನ್‌ಮ್ಯಾನ್ ಗೊತ್ತು, ಸ್ಪೈಡರ್‌ಮ್ಯಾನ್ ಗೊತ್ತು, ಜಪಾನಿನ ನಾರುಟೊ ಗೊತ್ತು. ಕನ್ನಡದ ಒಂದು ಪುಟ ಓದು ಎಂದರೆ ಮಾತ್ರ ತಲೆ ತಗ್ಗಿಸುತ್ತಾರೆ. ನಾಸಿಕ್ ರೋಡ್, ಓಝರ್‌ನ ಕಡೆ ಇರುವ ಕುಟುಂಬಗಳಿರಲಿ, ಛತ್ರಪತಿ ಸಂಭಾಜಿನಗರದ ವಾಳುಂಜ್, ಚಿಕಲ್‌ಠಾಣಾ ಕೈಗಾರಿಕಾ ಪ್ರದೇಶಗಳ ಸುತ್ತ ಬದುಕು ಕಟ್ಟಿಕೊಂಡವರಿರಲಿ, ಹಿರಿಯರ ಅಳಲು ಒಂದೇ. ಮನೆಯಲ್ಲಿ ಕನ್ನಡ ಅಥವಾ ತುಳು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಕನ್ನಡ ಕಿವಿಗೆ ಬೀಳುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ಈ ದೂರಿನ ಕೊನೆಗೆ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲುವುದು ಸೂಪರ್‌ಹೀರೋ. ‘ಆ ಕಾಮಿಕ್ಸ್, ಆ ಯೂಟ್ಯೂಬ್ ಮಕ್ಕಳನ್ನು ಕೆಡಿಸಿತು’ ಎಂಬ ಮಾತು ಸುಲಭವಾಗಿ ಬರುತ್ತದೆ. ಆದರೆ ಈ ತೀರ್ಪು ಕೊಡುವ ಮೊದಲು ಹಿರಿಯರು ತಿಳಿಯಬೇಕಾದ ಸಂಗತಿಯೊಂದಿದೆ. ಭಾರತದಲ್ಲಿ ಅತಿ ಹೆಚ್ಚು ಮನೆಗಳನ್ನು ತಲುಪಿದ ಚಿತ್ರಕಥಾ ಮಾಲೆ ಮೊತ್ತಮೊದಲು ಹೊರಬಂದದ್ದು ಇಂಗ್ಲಿಷಿನಲ್ಲೂ ಅಲ್ಲ, ಹಿಂದಿಯಲ್ಲೂ ಅಲ್ಲ. ಕನ್ನಡದಲ್ಲಿ!

ಹನ್ನೊಂದರಿಂದ ಆರಂಭವಾದ ಲೆಕ್ಕ

ಅಮರ ಚಿತ್ರಕಥೆಯ ಹಳೆಯ ಇಂಗ್ಲಿಷ್ ಸಂಚಿಕೆಗಳನ್ನು ಸಂಗ್ರಹಿಸಿದವರಿಗೆ ಒಂದು ವಿಚಿತ್ರ ಗೊತ್ತಿರುತ್ತದೆ. ಆ ಮಾಲೆಯ ಮೊದಲ ಪೌರಾಣಿಕ ಕಥೆ ‘ಕೃಷ್ಣ’ದ ಸಂಖ್ಯೆ ಒಂದಲ್ಲ, ಹನ್ನೊಂದು. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡ ಪುಸ್ತಕಗಳು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಚಿತ್ರಕಥೆಗಳನ್ನು ಕನ್ನಡದಲ್ಲಿ ತರುವ ಸಲಹೆ ಮುಂದಿಟ್ಟರು. ಸಿಂಡ್ರೆಲಾಳಂಥ ಪಾಶ್ಚಾತ್ಯ ಕಿನ್ನರ ಕಥೆಗಳು ಕನ್ನಡ ಮಾತು ತೊಟ್ಟು ಹೊರಬಂದವು. ಅವು ಮಾರಾಟವಾದ ಬಗೆ ಕಂಡ ಮೇಲೆ ಮುಂಬಯಿಯ ಪ್ರಕಾಶಕರಿಗೆ ಧೈರ್ಯ ಬಂತು ಎಂದು ಈ ಮಾಲೆಯ ಇತಿಹಾಸ ಬರೆದವರು ದಾಖಲಿಸಿದ್ದಾರೆ.

ಮುಂದಿನ ಅಧ್ಯಾಯ ಬರೆದವರು ಕೂಡ ಕರ್ನಾಟಕದ ಮಣ್ಣಿನವರೇ. 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಹನ್ನೆರಡನೇ ವಯಸ್ಸಿನಲ್ಲಿ ಮುಂಬಯಿಗೆ ಬಂದವರು. ಹೊಟ್ಟೆಪಾಡಿಗಾಗಿ, ವಿದ್ಯೆಗಾಗಿ ಕರಾವಳಿಯಿಂದ ಮಹಾರಾಷ್ಟ್ರಕ್ಕೆ ಬಂದ ಸಾವಿರಾರು ಮಂದಿಯ ದಾರಿಯೇ ಅವರ ದಾರಿಯೂ ಆಗಿತ್ತು. ರಸಾಯನ ಶಾಸ್ತ್ರ ಓದಿದ ಪೈಯವರು ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಕೆಲಸ ಮಾಡಿದರು. 1967ರಲ್ಲಿ ದಿಲ್ಲಿಯ ದೂರದರ್ಶನದ ಕ್ವಿಜ್ ಒಂದರಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಥಟ್ಟನೆ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರೆಂದು ಹೇಳಲು ತಡವರಿಸಿದ್ದನ್ನು ಕಂಡು ಅವರು ಕಳವಳಗೊಂಡ ಕಥೆ ಪ್ರಸಿದ್ಧವಾಗಿದೆ. ಆ ಕಳವಳದಿಂದ ಅವರು ಕಾಮಿಕ್ಸನ್ನು ಬೈಯುತ್ತ ಕೂರಲಿಲ್ಲ. ಅದೇ ಕಾಮಿಕ್ಸಿನೊಳಗೆ ರಾಮ, ಕೃಷ್ಣರನ್ನು ತಂದರು. ‘ಕೃಷ್ಣ’ ಸಂಚಿಕೆಗೆ ಚಿತ್ರ ಬರೆದವರು ಮರಾಠಿ ಕಲಾವಿದ ರಾಮ್ ವಾಯಿರ್ಕರ್. ಕಾರ್ಕಳದ ಸಂಪಾದಕ, ಮಹಾರಾಷ್ಟ್ರದ ಕಲಾವಿದ: ಇಬ್ಬರ ಜೋಡಿ ದೇಶದ ಮಕ್ಕಳ ಕಲ್ಪನೆಗೆ ರೂಪ ಕೊಟ್ಟಿತು ಎಂದರೆ ಅತಿಶಯೋಕ್ತಿಯಲ್ಲ.

1980ರಲ್ಲಿ ಪೈಯವರು ‘ಟಿಂಕಲ್’ ಆರಂಭಿಸಿದರು. ಸುಪ್ಪಂಡಿ, ಶಿಕಾರಿ ಶಂಭು, ಕಪೀಶ ಮನೆಮಾತಾದರು. ಮಕ್ಕಳು ಬರೆದ ರಾಶಿ ರಾಶಿ ಪತ್ರಗಳಿಗೆ ಉತ್ತರಿಸುತ್ತಿದ್ದ ಅವರು ದೇಶಕ್ಕೆಲ್ಲ ‘ಅಂಕಲ್ ಪೈ’ ಆದರು. 2011ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ನಡೆದ ಭಾರತದ ಮೊದಲ ಕಾಮಿಕ್ ಕಾನ್ ಸಮ್ಮೇಳನ ಅವರಿಗೆ ಜೀವಮಾನ ಸಾಧನೆಯ ಗೌರವ ಸಲ್ಲಿಸಿತು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 24ರಂದು, ಅವರು ಇಹಲೋಕ ತ್ಯಜಿಸಿದರು. ಇಂದು ಬೆಂಗಳೂರು, ಮುಂಬಯಿಗಳಲ್ಲಿ ಸೂಪರ್‌ಹೀರೋ ವೇಷ ತೊಟ್ಟು ಕಾಮಿಕ್ ಕಾನ್‌ಗೆ ಬರುವ ಯುವಕ ಯುವತಿಯರಲ್ಲಿ ಎಷ್ಟು ಜನರಿಗೆ ಕಾರ್ಕಳದ ಹೆಸರು ಗೊತ್ತು ಎಂಬುದು ಯೋಚಿಸಬೇಕಾದ ವಿಷಯ.

ಹಿರಿಯರೂ ಅಭಿಮಾನಿಗಳೇ

ಮಕ್ಕಳ ಹುಚ್ಚನ್ನು ಟೀಕಿಸುವ ಹಿರಿಯರು ತಮ್ಮ ಬಾಲ್ಯವನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಕನ್ನಡ ‘ಚಂದಮಾಮ’ 1949ರಲ್ಲಿ ಆರಂಭವಾಯಿತು. ವಿಕ್ರಮನ ಹೆಗಲೇರಿದ ಬೇತಾಳನ ಚಿತ್ರಕ್ಕಾಗಿ ತಿಂಗಳಿಡೀ ಕಾದವರು ಇಂದಿನ ಅಜ್ಜ ಅಜ್ಜಿಯರು. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬಂತು, ಮರಾಠಿಯಲ್ಲೂ ಬಂತು. 1990ರಲ್ಲಿ ನಿಲ್ಲುವವರೆಗೆ ಅದು ಫ್ಯಾಂಟಮ್, ಮಾಂಡ್ರೇಕ್, ಬಹಾದ್ದೂರರನ್ನು ರೈಲು ನಿಲ್ದಾಣದ ಪುಸ್ತಕದಂಗಡಿಗಳಿಗೆ ತಂದಿತು. ಮರಾಠಿ, ಹಿಂದಿ ಓದುಗರಿಗೆ ಫ್ಯಾಂಟಮ್ ‘ವೇತಾಳ’ ಆದದ್ದು ಇನ್ನೊಂದು ಸ್ವಾರಸ್ಯ. ಹೊರಗಿನಿಂದ ಬಂದ ವೀರನಿಗೆ ಈ ನೆಲದ ಹೆಸರಿಟ್ಟು ಮನೆಯವನನ್ನಾಗಿ ಮಾಡಿಕೊಂಡರು.

1980, 90ರ ದಶಕಗಳಲ್ಲಿ ಬೆಳೆದವರಿಗೆ ‘ಬಾಲಮಂಗಳ’ದ ಡಿಂಗ ನೆನಪಾಗದೆ ಇರಲಾರ. ಮಲಯಾಳಂನಲ್ಲಿ 1983ರಲ್ಲಿ ಡಿಂಕನ್ ಎಂದು ಹುಟ್ಟಿ ಕನ್ನಡಕ್ಕೆ ಡಿಂಗನಾಗಿ ಬಂದ ಈ ಪುಟ್ಟ ಇಲಿ, ಅನ್ಯಗ್ರಹದವರಿಂದ ಅಪಾರ ಶಕ್ತಿ ಪಡೆದು ಕಾಡಿನ ಪ್ರಾಣಿಗಳನ್ನು ಕಾಪಾಡುವ ಅಪ್ಪಟ ಸೂಪರ್‌ಹೀರೋ. ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಬಂದುದು 1980ರ ದಶಕದಲ್ಲಿ. 1997ರ ಸೆಪ್ಟೆಂಬರ್‌ನಿಂದ 2005ರವರೆಗೆ ‘ಶಕ್ತಿಮಾನ್’ ಮಕ್ಕಳನ್ನು ಟಿವಿ ಮುಂದೆ ಕಟ್ಟಿಹಾಕಿತು. ಮಹಾಭಾರತದ ಭೀಷ್ಮನಾಗಿದ್ದ ಮುಕೇಶ್ ಖನ್ನಾ ಇಲ್ಲಿ ಗಿರಗಿರನೆ ತಿರುಗಿ ಹಾರುವ ವೀರನಾದರು. ಪ್ರತಿ ಕಂತಿನ ಕೊನೆಗೆ ಮಕ್ಕಳಿಗೆ ಒಂದು ನೀತಿ ಹೇಳಿ ಹೋಗುತ್ತಿದ್ದರು. 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ಅದನ್ನು ಮತ್ತೆ ಪ್ರಸಾರ ಮಾಡಿದಾಗ, ಹಿಂದೆ ಶಾಲಾ ಮಕ್ಕಳಾಗಿದ್ದವರು ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬಹುದಾಯಿತು.

ಅಭಿಮಾನದ ಪಾಠ ಕನ್ನಡಿಗರಿಗೆ ಹೊಸದೇನಲ್ಲ. ಇಷ್ಟದ ವೇಷಧಾರಿಯ ಪ್ರವೇಶಕ್ಕಾಗಿ ನಿದ್ದೆಗೆಟ್ಟು ಬಯಲಾಟದ ಗದ್ದೆಯಲ್ಲಿ ಕುಳಿತ, ಯಾವ ಮೇಳ ಶ್ರೇಷ್ಠವೆಂದು ಮರುದಿನವಿಡೀ ವಾದಿಸಿದ ಜನರ ಮೊಮ್ಮಕ್ಕಳೇ ಇಂದು ಮಾರ್ವೆಲ್ ದೊಡ್ಡದೋ ಡಿಸಿ ದೊಡ್ಡದೋ ಎಂದು ವಾದಿಸುತ್ತಿದ್ದಾರೆ. ಕಿರೀಟ, ಭುಜಕೀರ್ತಿ ಕಟ್ಟಿ ಬಣ್ಣ ಹಚ್ಚಿ ವೀರನಾಗುವ ಆಸೆ ಹಳೆಯದು. ಅದಕ್ಕೆ ಕಾಸ್‌ಪ್ಲೇ ಎಂಬ ಹೆಸರು ಮಾತ್ರ ಹೊಸದು.

ಮನೆ ಬಾಗಿಲಲ್ಲೇ ಕಲ್ಲಿನ ಚಿತ್ರಕಥೆ

ನಾಸಿಕ್ ಮತ್ತು ಸಂಭಾಜಿನಗರದ ಕನ್ನಡಿಗರಿಗೆ ಈ ವಿಷಯದಲ್ಲಿ ಬೇರೆ ಊರಿನವರಿಗಿಲ್ಲದ ಭಾಗ್ಯವಿದೆ. ಸಂಭಾಜಿನಗರದಿಂದ ಸುಮಾರು 30 ಕಿ.ಮೀ. ದೂರದ ಎಲ್ಲೋರಾದಲ್ಲಿ ಎಂಟನೇ ಶತಮಾನದ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕಾಲದ ಕೈಲಾಸ ದೇಗುಲವಿದೆ. ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಮಾಡಿದ ಈ ಅದ್ಭುತದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಕನ್ನಡ ಕುಟುಂಬ ಈ ಭಾಗದಲ್ಲಿ ಅಪರೂಪ. ಆದರೆ ಮಂಟಪದ ಪಕ್ಕದ ಗೋಡೆಗಳನ್ನು ನಿಂತು ಓದುವವರು ಕಡಿಮೆ. ಉತ್ತರದ ಗೋಡೆಯಲ್ಲಿ ಮಹಾಭಾರತ, ದಕ್ಷಿಣದ ಗೋಡೆಯಲ್ಲಿ ರಾಮಾಯಣ. ದೃಶ್ಯಗಳು ಸಾಲು ಸಾಲಾಗಿ, ಒಂದರ ಕೆಳಗೊಂದು ಪಟ್ಟಿಯಾಗಿ ಕೆತ್ತಲ್ಪಟ್ಟಿವೆ. ಮಹಾಭಾರತದ ಫಲಕದ ಕೆಳಗಿನ ಸಾಲುಗಳಲ್ಲಿ ಕೃಷ್ಣನ ಬಾಲಲೀಲೆಗಳಿವೆ. ಕಾಮಿಕ್ಸ್ ಓದುವ ಮಗುವನ್ನು ಅದರ ಮುಂದೆ ನಿಲ್ಲಿಸಿದರೆ ಹೇಗೆ ನೋಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪುಟ ಓದುವ ಅಭ್ಯಾಸವೇ ಸಾಕು.

ಅಲ್ಲೇ ಪಕ್ಕದ 15ನೇ ಗುಹೆಯಲ್ಲಿ ಹಿರಣ್ಯಕಶಿಪುವಿನ ಮೇಲೆರಗುವ ನರಸಿಂಹನ ಶಿಲ್ಪವಿದೆ. 2025ರ ಜುಲೈಯಲ್ಲಿ ಬೆಂಗಳೂರಿನ ಹೊಂಬಾಳೆ ಫಿಲಂಸ್ ಪ್ರಸ್ತುತಪಡಿಸಿದ ‘ಮಹಾವತಾರ ನರಸಿಂಹ’ ಎಂಬ ಆನಿಮೇಷನ್ ಚಿತ್ರ ಕನ್ನಡ, ಹಿಂದಿ ಸೇರಿ ಹಲವು ಭಾಷೆಗಳಲ್ಲಿ ತೆರೆಕಂಡು ಮಕ್ಕಳು, ದೊಡ್ಡವರು ಒಟ್ಟಿಗೆ ಚಿತ್ರಮಂದಿರಕ್ಕೆ ಬಂದರು. ಅದನ್ನು ನೋಡಿದ ಮಗುವಿಗೆ ಅದೇ ಕಥೆಯನ್ನು ಕನ್ನಡ ಅರಸರ ಕಾಲದ ಶಿಲ್ಪಿ ಕಲ್ಲಿನಲ್ಲಿ ಹೇಗೆ ಹಿಡಿದಿದ್ದಾನೆಂದು ತೋರಿಸುವ ಅವಕಾಶ ಸಂಭಾಜಿನಗರದ ತಂದೆತಾಯಿಗೆ ಒಂದು ಗಂಟೆಯ ದಾರಿಯಲ್ಲಿದೆ. ಇದೇ ರಾಷ್ಟ್ರಕೂಟರ ಆಸ್ಥಾನದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೆಸರಿಸಿದ್ದು ನಾಸಿಕ್, ಪೈಠಣಗಳ ಮೂಲಕ ಹರಿಯುವ ಗೋದಾವರಿಯನ್ನೇ.

ನಾಸಿಕ್‌ನ ಪಾಲಿಗೆ ಬಂದವರು ದಾದಾಸಾಹೇಬ್ ಫಾಲ್ಕೆ. 1870ರಲ್ಲಿ ತ್ರ್ಯಂಬಕದಲ್ಲಿ ಹುಟ್ಟಿದ ಅವರು ಸಿನಿಮಾಕ್ಕೆ ಬರುವ ಮೊದಲು ಹೆಸರಿನ ಅಕ್ಷರಗಳನ್ನು ತಿರುಗುಮುರುಗಾಗಿಸಿ ‘ಪ್ರೊಫೆಸರ್ ಕೇಲ್ಫಾ’ ಎಂದು ಜಾದೂ ಪ್ರದರ್ಶನ ಕೊಟ್ಟವರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡ ಮೇಲೆ ಅವರು ತಮ್ಮ ಕೆಲಸವನ್ನು ನಾಸಿಕ್‌ಗೆ ತಂದರು. 1917ರ ‘ಲಂಕಾ ದಹನ’ದಲ್ಲಿ ಹನುಮಂತನನ್ನು ಹಾರಿಸಿದರು. 1919ರ ‘ಕಾಲಿಯಾ ಮರ್ದನ’ದಲ್ಲಿ ಮಗಳು ಮಂದಾಕಿನಿಯನ್ನು ಬಾಲಕೃಷ್ಣನನ್ನಾಗಿ ಮಾಡಿ ಹೆಡೆಯ ಮೇಲೆ ಕುಣಿಸಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕ್ಯಾಮೆರಾದ ಕೈಚಳಕವೊಂದರಿಂದಲೇ ತೋರಿಸಿದ ಈ ಸಾಹಸಗಳಿಗೆ ಜನ ಮುಗಿಬಿದ್ದರು. ಮುಂಬಯಿ ಹೆದ್ದಾರಿಯ ಪಾಂಡವಲೇಣಿ ಬೆಟ್ಟದ ಬುಡದಲ್ಲಿ ಅವರ ಸ್ಮಾರಕವಿದೆ.

ವಿಜ್ಞಾನ ಕಥೆಗೆ ಸಂದ ಪಟ್ಟ

ಅಂತರಿಕ್ಷದ ಕಥೆಗಳು ಮಕ್ಕಳಾಟ ಎಂದು ತಳ್ಳಿಹಾಕುವವರಿಗೆ ನಾಸಿಕ್‌ನಲ್ಲೇ ಉತ್ತರ ಸಿಕ್ಕಿದೆ. 2021ರ ಡಿಸೆಂಬರ್‌ನಲ್ಲಿ ಈ ನಗರದಲ್ಲಿ ನಡೆದ 94ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಆಯ್ಕೆಯಾದವರು ಖಗೋಳ ವಿಜ್ಞಾನಿ ಜಯಂತ ನಾರಳೀಕರ್. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಹೆಸರು ಮರೆಮಾಚಿ, ತಮ್ಮ ಇನಿಷಿಯಲ್‌ಗಳನ್ನು ತಿರುಗಿಸಿ ಹೊಸ ಹೆಸರು ಕಟ್ಟಿಕೊಂಡು ‘ಕೃಷ್ಣವಿವರ’ ಎಂಬ ಕಥೆ ಕಳುಹಿಸಿ ಬಹುಮಾನ ಗೆದ್ದವರು ಅವರು. 2025ರ ಮೇ 20ರಂದು ಅವರು ತೀರಿಕೊಂಡಾಗ ಮರಾಠಿ ಲೋಕ ವಿಜ್ಞಾನಿಯನ್ನೂ ಕಥೆಗಾರನನ್ನೂ ಒಟ್ಟಿಗೆ ಕಳೆದುಕೊಂಡಿತು. ಕನ್ನಡದಲ್ಲಿಯೂ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗೆ ದುಡಿದಿದ್ದಾರೆ. ಅವರ ಹೆಸರು ಹೊರನಾಡಿನ ಮನೆಗಳಿಗೆ ತಲುಪಿದ್ದು ಕಡಿಮೆ.

ಕಲ್ಪನೆಯ ಹಾರಾಟ ಕಾರ್ಖಾನೆಯ ಹಾರಾಟವಾಗುವ ಊರೂ ಇದೇ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಎಚ್‌ಎಎಲ್ ಸಂಸ್ಥೆ ಓಝರ್‌ನಲ್ಲಿ 1964ರಿಂದ ವಿಮಾನ ವಿಭಾಗ ಹೊಂದಿದೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧ ವಿಮಾನದ ಸುಧಾರಿತ ಮಾದರಿ 2025ರ ಅಕ್ಟೋಬರ್‌ನಲ್ಲಿ ಇಲ್ಲಿಂದ ಮೊದಲ ಬಾರಿ ಮೇಲೇರಿತು. ಹಾರುವ ವೀರನ ಚಿತ್ರ ಗೀಚುವ ಮಗುವಿನಲ್ಲಿ ನಾಳಿನ ಎಂಜಿನಿಯರ್ ಇರಬಹುದೆಂಬುದನ್ನು ಓಝರ್‌ನ ಪಾಲಕರಿಗೆ ಬೇರೆಯವರು ಹೇಳಬೇಕಾಗಿಲ್ಲ.

ಕಳೆದುಹೋಗುತ್ತಿರುವುದು ಯಾವುದು?

ಹಾಗಾದರೆ ಚಿಂತೆ ಬೇಡವೇ? ಬೇಕು. ಆದರೆ ಚಿಂತಿಸಬೇಕಾದದ್ದು ವೀರನ ಬಗ್ಗೆ ಅಲ್ಲ, ಅವನ ಭಾಷೆಯ ಬಗ್ಗೆ. ಹಿಂದಿನವರ ಬೇತಾಳ, ಫ್ಯಾಂಟಮ್, ಡಿಂಗ ಕನ್ನಡದಲ್ಲಿ ಮಾತನಾಡಿದರು, ಅದೂ ಅಕ್ಷರದಲ್ಲಿ. ಆ ಆಸೆಯಿಂದಲೇ ಮಕ್ಕಳು ಒತ್ತಕ್ಷರ ಕಲಿತರು. ಇಂದಿನ ವೀರ ಹೊರನಾಡಿನ ಮಗುವಿನೊಂದಿಗೆ ಹೆಚ್ಚಾಗಿ ಹಿಂದಿ, ಇಂಗ್ಲಿಷಿನಲ್ಲಿ ಮಾತನಾಡುತ್ತಾನೆ, ಅದೂ ಧ್ವನಿಯಲ್ಲಿ. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಚಿತ್ರರಂಗದ ಅಘೋಷಿತ ತಡೆಯಿದ್ದುದರಿಂದ ಹೊರಗಿನ ಸೂಪರ್‌ಹೀರೋಗಳು ತೆರೆಯ ಮೇಲೆ ಕನ್ನಡ ಕಲಿಯಲೇ ಇಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆಯ ವಿರುದ್ಧ ತೀರ್ಪು ನೀಡಿದ ಬಳಿಕ ಬಾಗಿಲು ನಿಧಾನವಾಗಿ ತೆರೆಯಿತು. 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಚಿತ್ರ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಾಗ ಅವುಗಳಲ್ಲಿ ಕನ್ನಡವೂ ಇತ್ತು, ಮರಾಠಿಯೂ ಇತ್ತು. ಅದರಲ್ಲಿ ಪವಿತ್ರ ಪ್ರಭಾಕರ ಎಂಬ ಭಾರತೀಯ ಸ್ಪೈಡರ್‌ಮ್ಯಾನ್ ಕೂಡ ಇದ್ದ.

ಯೂಟ್ಯೂಬಿನಲ್ಲಿಯೂ ಕನ್ನಡ ಇಲ್ಲದಿಲ್ಲ. ಬೆಂಗಳೂರಿನ ಇನ್ಫೋಬೆಲ್ಸ್‌ನಂಥ ಸಂಸ್ಥೆಗಳ ಕನ್ನಡ ಶಿಶುಗೀತೆಗಳನ್ನು ಪರದೇಶದ ಕನ್ನಡ ಮನೆಗಳಲ್ಲೂ ಹಾಕುತ್ತಾರೆ. ಆದರೆ ಯಂತ್ರ ಮುಂದಿನ ವಿಡಿಯೋ ಆರಿಸುವುದು ಮಗು ಹಿಂದೆ ನೋಡಿದ್ದನ್ನು ಲೆಕ್ಕ ಹಾಕಿ. ಹಿಂದಿ ನೋಡಿದವನಿಗೆ ಹಿಂದಿಯೇ ಬರುತ್ತ ಹೋಗುತ್ತದೆ. ಕನ್ನಡವನ್ನು ಯಾರಾದರೂ ಹುಡುಕಿ ಹಾಕಬೇಕು. ಮೇಲಾಗಿ ನೋಡುವುದು ಓದುವುದಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಓದುವ ಚಿತ್ರಕಥೆಗೆ ಅಂಥ ಮಿತಿ ಯಾರೂ ಹಾಕಿಲ್ಲ.

ಮರಾಠಿ ಬಲ್ಲ ಮಗುವಿಗೆ ಅರ್ಧ ದಾರಿ ಗೊತ್ತು

ಇಲ್ಲಿ ಹೊರನಾಡ ಪಾಲಕರು ಮರೆಯುವ ಅನುಕೂಲವೊಂದಿದೆ. ಶಾಲೆಯಲ್ಲಿ ಮರಾಠಿ ಕಲಿತ ಮಗು ಕನ್ನಡ ಅಕ್ಷರಮಾಲೆಯ ಕ್ರಮವನ್ನು ಆಗಲೇ ಕಲಿತಿರುತ್ತದೆ. ದೇವನಾಗರಿಯೂ ಕನ್ನಡ ಲಿಪಿಯೂ ಬ್ರಾಹ್ಮಿಯ ಮಕ್ಕಳು. ಕ, ಖ, ಗ, ಘ ಎರಡರಲ್ಲೂ ಅದೇ ಸಾಲು, ಅದೇ ಉಚ್ಚಾರ. ಹಿಂದಿಯ ವರ್ಣಮಾಲೆಯಲ್ಲಿಲ್ಲದ ‘ಳ’ ಮರಾಠಿಗಿದೆ, ಕನ್ನಡಕ್ಕೂ ಇದೆ. ಹೊಸದಾಗಿ ಹೇಳಿಕೊಡಬೇಕಾದದ್ದು ಅಕ್ಷರಗಳ ಆಕಾರ, ‘ಎ’ ಮತ್ತು ‘ಒ’ ಎಂಬ ಹ್ರಸ್ವ ಸ್ವರಗಳು, ಮತ್ತು ಅರ್ಧ ಅಕ್ಷರವನ್ನು ಪಕ್ಕಕ್ಕೆ ಜೋಡಿಸುವ ಬದಲು ಒತ್ತನ್ನು ಕೆಳಗೆ ಬರೆಯುವ ರೀತಿ. ಇಷ್ಟನ್ನು ಒಂದು ಬೇಸಗೆ ರಜೆಯಲ್ಲಿ ಕಲಿಸಲು ಸಾಧ್ಯ.

ಕಲಿತದ್ದನ್ನು ಉಳಿಸಲು ಚಿತ್ರಕಥೆಗಿಂತ ಒಳ್ಳೆಯ ಸಾಧನ ವಿರಳ. ಮಾತಿನ ಗುಳ್ಳೆಯಲ್ಲಿ ಐದಾರು ಪದ ಮಾತ್ರ ಇರುತ್ತವೆ. ಅವು ಆಡುಮಾತಿಗೆ ಹತ್ತಿರ, ಮನೆಯಲ್ಲಿ ಕಿವಿಗೆ ಬಿದ್ದವೇ. ಅರ್ಥ ತಿಳಿಯದಿದ್ದರೆ ಚಿತ್ರ ಹೇಳುತ್ತದೆ. ಧಡಾರ್, ಸುಂಯ್, ಢಂ, ಥಟ್ಟನೆ, ಗಿರಗಿರ ಎಂಬ ಅನುಕರಣ ಪದಗಳ ಸಂಪತ್ತಂತೂ ಕನ್ನಡದಲ್ಲಿ ಧಾರಾಳ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಚಿತ್ರಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಅನೇಕ ಕಥೆಗಳು ಎರಡು ಭಾಷೆಗಳಲ್ಲೂ ಇವೆ. ಒಂದನ್ನು ಓದಿದ ಮಗು ಇನ್ನೊಂದನ್ನು ಧೈರ್ಯವಾಗಿ ಎತ್ತಿಕೊಳ್ಳಬಹುದು.

ಸಂಘಗಳು ಮಾಡಬಹುದಾದದ್ದು

ಹೊರನಾಡಿನ ಕನ್ನಡ ಸಂಘಗಳು ರಾಜ್ಯೋತ್ಸವ, ದಸರಾ, ವಾರ್ಷಿಕೋತ್ಸವಗಳಲ್ಲಿ ಮಕ್ಕಳಿಗೆ ಛದ್ಮವೇಷ ಸ್ಪರ್ಧೆ ಏರ್ಪಡಿಸುವುದು ವಾಡಿಕೆ. ಅಲ್ಲಿ ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವರ ಪಕ್ಕದಲ್ಲಿ ಒಬ್ಬ ಸ್ಪೈಡರ್‌ಮ್ಯಾನ್ ನಿಂತರೆ ಮುಖ ಸಿಂಡರಿಸುವ ಅಗತ್ಯವಿಲ್ಲ. ವೇಷ ಯಾವುದಾದರೂ ಇರಲಿ, ಎರಡು ನಿಮಿಷದ ಮಾತು ಕನ್ನಡದಲ್ಲಿರಬೇಕು ಎಂಬ ನಿಯಮವೊಂದೇ ಸಾಕು. ಸಂಘದ ಕಪಾಟಿನಲ್ಲಿ ದಪ್ಪ ಕಾದಂಬರಿಗಳ ಕೆಳಗಿನ ಸಾಲನ್ನು, ಮಗುವಿನ ಕೈಗೆಟಕುವ ಎತ್ತರದಲ್ಲಿ, ಕನ್ನಡ ಅಮರ ಚಿತ್ರಕಥೆಗಳಿಗೆ ಬಿಟ್ಟುಕೊಡಬಹುದು. ಮನೆಯ ಅಟ್ಟದಲ್ಲಿ ಹಳೆಯ ಚಂದಮಾಮ, ಬಾಲಮಂಗಳ ಇಟ್ಟವರು ಅವನ್ನು ರದ್ದಿಗೆ ಹಾಕುವ ಮೊದಲು ಸಂಘಕ್ಕೆ ಒಂದು ಫೋನ್ ಮಾಡಬಹುದು. ಮಾತಿನ ಗುಳ್ಳೆಗಳನ್ನು ಖಾಲಿ ಬಿಟ್ಟ ಚಿತ್ರ ಕೊಟ್ಟು ಮಕ್ಕಳಿಂದ ಕನ್ನಡದಲ್ಲಿ ತುಂಬಿಸುವ ಸ್ಪರ್ಧೆಗೆ ಖರ್ಚು ಹೆಚ್ಚಿಲ್ಲ. ಎಲ್ಲೋರಾ ಪ್ರವಾಸದಲ್ಲಿ ಊಟದ ಪೊಟ್ಟಣದ ಜೊತೆ ಪ್ರತಿ ಮಗುವಿನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಕೈಲಾಸದ ಗೋಡೆಯ ಒಂದು ಸಾಲನ್ನು ಬಿಡಿಸಿ ಕೆಳಗೆ ಕನ್ನಡದಲ್ಲಿ ಒಂದು ವಾಕ್ಯ ಬರೆಯಲು ಹೇಳಬಹುದು.

ಅಜ್ಜ ಅಜ್ಜಿಯರಿಗೂ ಇಲ್ಲಿ ಕೆಲಸವಿದೆ. ಮೊಮ್ಮಗನ ಮೆಚ್ಚಿನ ವೀರ ಯಾರು, ಅವನಿಗೆ ಶಕ್ತಿ ಹೇಗೆ ಬಂತು, ಅವನ ಶತ್ರು ಯಾರು ಎಂದು ಕನ್ನಡದಲ್ಲಿ ಕೇಳಿದರೆ ಅವನು ಕನ್ನಡದಲ್ಲೇ ಹೇಳಬೇಕಾಗುತ್ತದೆ. ತನಗೆ ಪ್ರಿಯವಾದುದನ್ನು ವಿವರಿಸುವಾಗ ಮಗು ಪದಗಳಿಗಾಗಿ ತಾನೇ ತಡಕಾಡುತ್ತದೆ. ಆಗ ಸಿಕ್ಕಿದ ಪದ ಮರೆಯುವುದಿಲ್ಲ.

ರಾಮನ ತಾಯಿಯ ಹೆಸರು ತಿಳಿಯದ ಮಕ್ಕಳನ್ನು ಕಂಡ ಅನಂತ ಪೈ ಅವರ ಮುಂದೆ ಎರಡು ದಾರಿಗಳಿದ್ದವು. ಒಂದು ಮಕ್ಕಳನ್ನು ಗದರುವುದು, ಇನ್ನೊಂದು ಮಕ್ಕಳು ಇಷ್ಟಪಡುವ ಪುಸ್ತಕದೊಳಗೆ ಹೋಗಿ ಕಾಯುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಬೆಂಗಳೂರಿನಲ್ಲಿ ಅನಂತರಾಮ್ ಅದಕ್ಕೂ ಮೊದಲೇ ಸಿಂಡ್ರೆಲಾಳಿಗೆ ಕನ್ನಡ ಕಲಿಸಿದ್ದರು. ಗೋದಾವರಿ ತೀರದ ಕನ್ನಡಿಗರ ಮುಂದೆ ಇಂದು ಇರುವುದೂ ಅವೇ ಎರಡು ದಾರಿಗಳು. ಸ್ಪೈಡರ್‌ಮ್ಯಾನ್ ಹೇಗೂ ಮನೆಯೊಳಗೆ ಬಂದಾಗಿದೆ. ಅವನಿಗೆ ಕನ್ನಡ ಕಲಿಸುವ ಕೆಲಸ ಮನೆಯವರದು.